ರೇಣುಕಾ ನೋಡಬೇಕಿದ್ದ ಮೀನಿನ ಊರುಗಳು

ಮೀನು ಕೆಲಸಕ್ಕೆ ಸೇರುವ ಹುಡುಗಿಯರು ಕೈ ಕೆಡುತ್ತದೆ ಎಂದು ಹೆದರುತ್ತಾರೆ. ಕೈಗೆ ಏನೂ ಆಗುವುದಿಲ್ಲ. ಸಿಗಡಿಯ ಮುಳ್ಳು ಚುಚ್ಚುತ್ತದೆ, ಉಪ್ಪುನೀರಿಗೆ ಬೆರಳ ಸಂದು ಬಿರಿಯುತ್ತದೆ, ಉಗುರು ಕಪ್ಪಾಗುತ್ತದೆ. ನಾಲ್ಕು ದಿನ ಕೊಬ್ಬರಿ ಎಣ್ಣೆ ಹಚ್ಚಿದರೆ ಮತ್ತೆ ಮೊದಲಿನಂತಾಗುತ್ತದೆ. ನೋಡಿಕೊಳ್ಳಬೇಕಾದದ್ದು ಉಸಿರು. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ನನ್ನ ಪಕ್ಕದಲ್ಲಿ ನಿಂತು ಕೆಲಸ ಮಾಡುತ್ತಿದ್ದ ರೇಣುಕಾಳಿಗೂ ಹೇಳಿರಲಿಲ್ಲ. ಅದಕ್ಕೇ ಬರೆಯಲು ಕುಳಿತಿದ್ದೇನೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಹುಟ್ಟಿದ್ದು ರಾಯಚೂರು ಜಿಲ್ಲೆಯಲ್ಲಿ, ಕೃಷ್ಣೆಯ ದಂಡೆಯ ಮೇಲೆ, ಬಲೆ ಬೀಸುವವರ ಮನೆಯಲ್ಲಿ. ಗಂಡನಿಗೆ ರೈಲ್ವೆಯಲ್ಲಿ ಖಲಾಸಿ ಕೆಲಸವಿದ್ದುದರಿಂದ ಹೈದರಾಬಾದಿನ ಮಲ್ಕಾಜ್‌ಗಿರಿಗೆ ಬಂದೆ. ಅವನು ಸತ್ತ ಮೇಲೆ ಮೀನು ಮಾರ್ಕೆಟ್ಟಿನಲ್ಲಿ ಈಳಿಗೆ ಇಟ್ಟುಕೊಂಡು ಕುಳಿತೆ. ಗಿರಾಕಿಗಳು ಕೊಂಡ ಮೀನನ್ನು ಬೂದಿ ಹಚ್ಚಿ ಉಜ್ಜಿ, ಹೊಟ್ಟೆ ಸೀಳಿ, ತುಂಡು ಮಾಡಿ ಕೊಡುವುದು ನನ್ನ ಕೆಲಸ. ಕಾಲ ಬುಡದಲ್ಲಿ ರಕ್ತದ ನೀರು, ತಲೆಯ ಮೇಲೆ ಹದ್ದು. ಸಾಯುವತನಕ ಇದೇ ಎಂದುಕೊಂಡಿದ್ದೆ.

ಆಗ ಮಾದಾಪುರದ ಕಡೆ ಬಂಡೆ ಒಡೆದು ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದರು. ಎಲ್ಲಿ ನೋಡಿದರೂ ಕಂಪ್ಯೂಟರ್ ಕಂಪನಿ. ಅಂಥ ಒಂದು ಕಂಪನಿಯ ಮಾಲೀಕರು ಕೆಲಸದ ಮೇಲೆ ಸ್ಪೇನ್ ದೇಶಕ್ಕೆ ಹೋಗಿ, ಅದರ ಉತ್ತರದ ಸಮುದ್ರದಂಡೆಯ ಊರುಗಳಲ್ಲಿ ಮೀನು ತಿಂದು, ತಲೆ ಕೆಡಿಸಿಕೊಂಡು ಬಂದರು. ನಾವು ಅವರನ್ನು ರಾವ್ ಸಾಬ್ ಎನ್ನುತ್ತಿದ್ದೆವು. ಆ ಊರುಗಳಲ್ಲಿ ತಾಪಾಸ್ ಎಂದು ಚಿಕ್ಕ ಚಿಕ್ಕ ತಟ್ಟೆಯಲ್ಲಿ ತಿನಿಸು ಕೊಡುತ್ತಾರಂತೆ, ಅದನ್ನೇ ಇಲ್ಲಿ ಮಾಡಬೇಕೆಂದು ಅಲ್ಲಿಂದ ಮಾರ್ಟಿನ್ ಎಂಬ ಅಡುಗೆಯವನನ್ನು ಕರೆತಂದರು. ಮಾರ್ಟಿನ್ ಒಂದು ಬೆಳಿಗ್ಗೆ ನಮ್ಮ ಮಾರ್ಕೆಟ್ಟಿಗೆ ಬಂದು, ಮೀನು ನೋಡುವುದು ಬಿಟ್ಟು, ಕೊಯ್ಯುವ ಹೆಂಗಸರ ಕೈ ನೋಡುತ್ತಾ ನಿಂತ. ಜೊತೆಗೆ ನಿತಿನ್ ಎಂಬ ಹುಡುಗನಿದ್ದ. ಉಡುಪಿ ಕಡೆಯವನು, ಹೋಟೆಲ್ ಕಾಲೇಜು ಓದಿದವನು, ಅಡುಗೆಮನೆಯ ಉಸ್ತುವಾರಿ ಅವನದು.

"ಅಜ್ಜಿ, ನೀವು ಮತ್ತು ಆ ಪಕ್ಕದವರು ನಮ್ಮ ರೆಸ್ಟೋರೆಂಟಿಗೆ ಬರ್ತೀರಾ ಅಂತ ಕೇಳ್ತಿದ್ದಾರೆ" ಎಂದ.

ಪಕ್ಕದವಳು ರೇಣುಕಾ. ಕಲಬುರಗಿ ಕಡೆಯವಳು, ನನ್ನ ಅರ್ಧ ವಯಸ್ಸು. ಗಂಡ ಬಿಟ್ಟು ಹೋಗಿದ್ದ, ಒಬ್ಬಳು ಮಗಳು ಶಾಲೆಗೆ ಹೋಗುತ್ತಿದ್ದಳು. ನಾನು ಬಾಯಿ ತೆರೆಯುವುದರೊಳಗೆ ರೇಣುಕಾ ಎದ್ದು ಕೈ ತೊಳೆದುಕೊಂಡಿದ್ದಳು.

"ಆಯಿ, ಏಳ. ಫ್ಯಾನಿನ ಬುಡಕ ಕೆಲಸ ಅಂದ್ರ ಕೇಳೋದೇನೈತಿ" ಎಂದಳು.

ಫ್ಯಾನಿರಲಿಲ್ಲ, ಎಸಿ ಇತ್ತು. ಆ ಎಸಿಗಾಗಿ ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಆಗ ಅದು ನಮಗೆ ದೊಡ್ಡ ಸುಖವಾಗಿ ಕಂಡಿತು.

ಕೆಲಸ ಹೊಸದು. ನೆಲದಲ್ಲಿ ಕುಳಿತು ಈಳಿಗೆಯ ಮೇಲೆ ಮೀನು ನೂಕುವವಳು ನಾನು. ಅಲ್ಲಿ ನಿಂತು, ಸ್ಟೀಲಿನ ಮೇಜಿನ ಮೇಲೆ ಮೀನಿಟ್ಟು, ಅದರ ಮೇಲೆ ಚಾಕು ಆಡಿಸಬೇಕು. ಕತ್ತಿ ನಿಂತಿದ್ದು ಮೀನು ಚಲಿಸುವುದು ಒಂದು ರೀತಿ, ಮೀನು ನಿಂತಿದ್ದು ಕತ್ತಿ ಚಲಿಸುವುದು ಇನ್ನೊಂದು ರೀತಿ. ಹೇಳಲು ಸುಲಭ. ಮೊದಲ ತಿಂಗಳು ಸೊಂಟ ಹಿಡಿದು ನಾನು ಅತ್ತಿದ್ದೇನೆ. ರೇಣುಕಾ ವಾರದಲ್ಲಿ ಕಲಿತಳು. ಬೊಂಡಾಸ್ ಎಂದು ನಿತಿನ್ ಕರೆಯುತ್ತಿದ್ದ, ಇಂಗ್ಲಿಷಿನಲ್ಲಿ ಸ್ಕ್ವಿಡ್ ಎನ್ನುವ, ಸಮುದ್ರದ ಒಂದು ಮೆತ್ತನೆಯ ಪ್ರಾಣಿ ಬರುತ್ತಿತ್ತು. ತಲೆ ಎಳೆದರೆ ಕರುಳು ಹಿಂದೆಯೇ ಬರಬೇಕು, ಒಳಗಿನ ಮಸಿಯ ಚೀಲ ಒಡೆಯಬಾರದು, ಬೆನ್ನಿನ ಗಾಜಿನಂಥ ಕಡ್ಡಿ ಮುರಿಯಬಾರದು. ನಾನು ಒಡೆದ ಚೀಲಗಳಿಗೆ ಲೆಕ್ಕವಿಲ್ಲ. ಮಾರ್ಟಿನ್ ಬೈಯುತ್ತಿದ್ದ. ಯಾವ ಭಾಷೆಯಲ್ಲಿ ಬೈದರೂ ಬೈಗುಳ ತಿಳಿಯುತ್ತದೆ.

ಮಾರ್ಟಿನ್ ಕೆಟ್ಟವನಲ್ಲ. ಒಳ್ಳೆಯವನು ಎನ್ನುವುದಕ್ಕೂ ನನಗೆ ಬಾಯಿ ಬರುವುದಿಲ್ಲ. ಅವನಿಗೆ ಮೀನಿನ ಹುಚ್ಚು. ಒಂದು ಸಿಗಡಿ ವಾಸನೆ ಬಂದರೆ ಇಡೀ ತಟ್ಟೆಯನ್ನು ಮೋರಿಗೆ ಸುರಿಯುವನು. ಯಾರಿಗಾದರೂ ಜ್ವರ ಬಂದರೆ ಅವನಿಗೆ ಕಾಣುತ್ತಿರಲಿಲ್ಲ.

ರೆಸ್ಟೋರೆಂಟ್ ತೆರೆದ ಕಥೆಯನ್ನು ಹೇಳಲೇಬೇಕು. ರಾವ್ ಸಾಬ್ ತಮ್ಮ ಮನೆಯ ಪುರೋಹಿತರಿಂದ ಮುಹೂರ್ತ ಇಡಿಸಿದರು. ಅವರು ಲಕ್ಷಣವಾಗಿ ಕಾರ್ತೀಕ ಮಾಸದ ಸೋಮವಾರ ಕೊಟ್ಟರು. ಕಾರ್ತೀಕದಲ್ಲಿ ಈ ಊರಿನ ತೆಲುಗರ ಮನೆಗಳಲ್ಲಿ ಮೊಟ್ಟೆ ಕೂಡ ಒಡೆಯುವುದಿಲ್ಲ. ಏನು ಅಂಗಡಿ ಎಂದು ಪುರೋಹಿತರು ಕೇಳಲಿಲ್ಲ, ಸಾಬ್ ಹೇಳಲಿಲ್ಲ. ನಿತಿನ್ ಕರಾವಳಿಯವನು, ಅವನ ಮನೆಯಲ್ಲಿ ಮೀನಿಲ್ಲದ ತಿಂಗಳಿಲ್ಲ, ಅವನಿಗೆ ಹೊಳೆಯಲಿಲ್ಲ. ವಿಶಾಖಪಟ್ಟಣದಿಂದ ರೈಲಿನಲ್ಲಿ ಸಿಕಂದರಾಬಾದಿಗೆ ಮೀನು ತುಂಬಿದ ಮಂಜುಗಡ್ಡೆಯ ಡಬ್ಬಿಗಳು ಬಂದಿಳಿದವು. ಸಾಬ್ ಅವರ ಹೆಂಡತಿ, ಅತ್ತೆ, ನಾದಿನಿಯರೆಲ್ಲ ರೇಷ್ಮೆ ಸೀರೆಯಲ್ಲಿ ಬಂದು, ದೀಪ ಹಚ್ಚಿ, ಬ್ರೆಡ್ಡು ತಿಂದು ಹೋದರು. ಆ ತಿಂಗಳು ನಾವು ಕೊಯ್ದದ್ದಕ್ಕಿಂತ ಎಸೆದದ್ದು ಹೆಚ್ಚು.

"ನಿಮ್ಮ ದೇವರಿಗೆ ಮೀನು ಕಂಡರೆ ಆಗುವುದಿಲ್ಲವೇ ಎಂದು ಮಾರ್ಟಿನ್ ಕೇಳ್ತಿದ್ದಾರೆ ಅಜ್ಜಿ" ಎಂದ ನಿತಿನ್.

"ದೇವ್ರಿಗೇನಾಗೂದಿಲ್ಲ, ಮನ್ಯಾಗಿನ ಅತ್ತ್ಯಾರಿಗೆ ಆಗೂದಿಲ್ಲ ಅಂತ ಹೇಳಪ" ಎಂದೆ.

ಕಾರ್ತೀಕ ಮುಗಿದ ಮೇಲೆ ಜನ ಬಂದರು. ಕೊರಳಿಗೆ ಗುರುತಿನ ಪಟ್ಟಿ ಹಾಕಿಕೊಂಡ ಹುಡುಗ ಹುಡುಗಿಯರು. ಮಾರ್ಟಿನ್ ತನ್ನ ಊರಿನ ಪದ್ಧತಿಯಂತೆ ಎತ್ತರದ ಕಟ್ಟೆ ಹಾಕಿಸಿದ್ದ, ಕುರ್ಚಿ ಇರಲಿಲ್ಲ. ನಿಂತು ಒಂದು ತಟ್ಟೆ ತಿನ್ನಬೇಕು, ಹೋಗಬೇಕು. ಬಂದವರು ಕುರ್ಚಿ ಎಲ್ಲಿ ಎಂದು ಕೇಳಿದರು. ಕುರ್ಚಿ ಬಂತು. ಸಿಗಡಿಯ ತಲೆ ಯಾಕೆ ತೆಗೆದಿಲ್ಲ ಎಂದರು. ತಲೆ ತೆಗೆದೆವು. ಮಸಿಯಲ್ಲೇ ಬೇಯಿಸಿದ ಬೊಂಡಾಸಿನ ಕಪ್ಪು ಸಾರು ಸೀದು ಹೋಗಿದೆ ಎಂದು ವಾಪಸು ಬಂತು. ಕೊನೆಗೆ ಬಿರಿಯಾನಿ ಎಲ್ಲಿ ಎಂದರು. ಬಿರಿಯಾನಿಯೂ ಬಂತು. ಅದು ಬಂದ ದಿನ ಮಾರ್ಟಿನ್ ಊಟ ಮಾಡಲಿಲ್ಲ.

ಆದರೂ ಅವನು ತನ್ನ ಊರುಗಳ ಸುದ್ದಿ ಬಿಡುತ್ತಿರಲಿಲ್ಲ. ಕೆಲಸದ ನಡುವೆ ಅಡುಗೆಮನೆಯಲ್ಲಿ ಕಲಿತ ಹಿಂದಿಯಲ್ಲಿ ಹೇಳುವನು: ಸಾನ್ ಸೆಬಾಸ್ಟಿಯನ್ ಎಂಬ ಊರಿನ ಹಳೆಯ ಪೇಟೆಯಲ್ಲಿ ಒಂದೊಂದು ಅಂಗಡಿಗೆ ಒಂದೊಂದು ತಿನಿಸಿನ ಹೆಸರು. ಒಂದರಲ್ಲಿ ಸಿಗಡಿ ತಿಂದು ಹೊರಗೆ ಬೀಳಬೇಕು, ಮುಂದಿನದರಲ್ಲಿ ಅಣಬೆ, ಅದರ ಮುಂದಿನದರಲ್ಲಿ ಕಡ್ಡಿಗೆ ಚುಚ್ಚಿದ ಉಪ್ಪು ಮೀನು. ಬೀದಿ ಮುಗಿಯುವುದರೊಳಗೆ ಊಟ ಮುಗಿಯುತ್ತದೆ. ನಾನು ಕೇಳಿ ಬಿಡುತ್ತಿದ್ದೆ. ರೇಣುಕಾ ಬಿಡುತ್ತಿರಲಿಲ್ಲ. ಕೈಯಲ್ಲಿ ಸಿಗಡಿ ಬಿಡಿಸುತ್ತಾ ನನಗೆ ಒಪ್ಪಿಸುವಳು.

"ಆಯಿ, ಸಾಂತಾಂದೇರಕ್ಕ ಹೋದ್ರ ರವಿವಾರ ಮಧ್ಯಾಹ್ನ ಕರಿದ ಬೊಂಡಾಸ. ಹಿಹೋನಕ್ಕ ಹೋದ್ರ ಸೇಬಿನ ಶೆರೆ, ಅದರ ಜೋಡಿ ಏಡಿ. ತಪ್ಪಿದ್ರ ಹೇಳ."

"ಅಲ್ಲಿ ನಿನ್ನ ಅತ್ತಿ ಮನಿ ಐತೇನು?"

"ಇರಲಿಕ್ಕಿಲ್ಲ. ನಂಗ ಅತ್ತಿ ಮನಿ ಇರೋ ಊರಾಗ ಯಾರು ಕರದು ತಟ್ಟಿ ಕೊಟ್ಟಾರ?"

ಎರಡನೇ ವರ್ಷ ಮಾರ್ಟಿನ್ ಆಂಚೋವಿಯ ಕೆಲಸ ಶುರು ಮಾಡಿದ. ಬೆರಳುದ್ದದ ಬೆಳ್ಳಿಯ ಮೀನು, ತೆಲುಗಿನವರು ನೆತ್ತಳ್ಳು ಎನ್ನುತ್ತಾರೆ. ತಲೆ ಕಿತ್ತು, ಪದರ ಪದರವಾಗಿ ಉಪ್ಪು ಹಾಕಿ, ಮೇಲೆ ಭಾರ ಇಟ್ಟು ತಿಂಗಳುಗಟ್ಟಲೆ ಬಿಡಬೇಕು. ಆಮೇಲೆ ತೊಳೆದು, ಸಿಪ್ಪೆ ಉಜ್ಜಿ, ಕೂದಲಿನಂಥ ಮುಳ್ಳುಗಳನ್ನು ಒಂದೊಂದಾಗಿ ತೆಗೆದು ಎಣ್ಣೆಯಲ್ಲಿ ಹಾಸಬೇಕು. ಕಾಲೇಜಿನಲ್ಲಿ ಕಲಿತ ಹುಡುಗರ ಕೈಯಲ್ಲಿ ಅದು ಚಟ್ನಿಯಾಗುತ್ತಿತ್ತು. ನನ್ನ ಕೈಯಲ್ಲಿ ಅರ್ಧ ಉಳಿಯುತ್ತಿತ್ತು. ರೇಣುಕಾಳ ಕೈಯಲ್ಲಿ ಎಲೆಯಂತೆ ಉಳಿಯುತ್ತಿತ್ತು.

ಮಾರ್ಟಿನ್ ಅವಳನ್ನು ತನ್ನ ಊರಿಗೆ ಕಳಿಸೋಣ ಎಂದ. ಅವನ ಅಕ್ಕ ಪಿಲಾರ್ ಅಲ್ಲಿ ಆಂಚೋವಿ ಡಬ್ಬಿ ತುಂಬುವ ಶೆಡ್ಡಿನಲ್ಲಿ ಮೇಲ್ವಿಚಾರಕಿ. ಒಂದು ತಿಂಗಳು ಅಲ್ಲಿಯ ಹೆಂಗಸರ ಜೊತೆ ಕುಳಿತು ಕಲಿತು ಬಂದರೆ ಇಲ್ಲಿ ಒಲೆ ಹಚ್ಚದೆ ಮಾಡುವ ತಣ್ಣಗಿನ ಅಡುಗೆಯ ಇಡೀ ವಿಭಾಗ ಅವಳದೇ ಎಂದು ರಾವ್ ಸಾಬ್ ಒಪ್ಪಿದರು. ರೇಣುಕಾ ಪಾಸ್‌ಪೋರ್ಟ್ ಮಾಡಿಸಿಕೊಂಡಳು. ಹತ್ತಿರದ ದರ್ಜಿಯಿಂದ ಸ್ವೆಟರಿನ ಮೇಲೆ ಹಾಕಿಕೊಳ್ಳುವ ಒಂದು ಕೋಟು ಹೊಲಿಸಿದಳು. ಮಗಳ ಶಾಲೆಯಲ್ಲಿ ಟೀಚರಿಗೆ ಹೇಳಿ ಬಂದಳು. ಅಲ್ಲಿಯತನಕ ಅವಳು ತಾನಾಗಿ ಎಲ್ಲಿಗೂ ಹೊರಟವಳಲ್ಲ. ಯಾರಾದರೂ ಅವಳನ್ನು ಬಿಟ್ಟು ಹೋಗುತ್ತಿದ್ದರು.

ಆ ಚಳಿಗಾಲದಲ್ಲೇ ಅವಳಿಗೆ ಉಬ್ಬಸ ಹತ್ತಿತು.

ಸಿಗಡಿ ತಲೆ, ಏಡಿ ಚಿಪ್ಪುಗಳನ್ನು ದೊಡ್ಡ ಪಾತ್ರೆಯಲ್ಲಿ ಕುದಿಸಿ ರಸ ತೆಗೆಯುತ್ತಿದ್ದೆವು. ಹೊಗೆ ಎಳೆಯುವ ಚಿಮಣಿ ಕೆಟ್ಟಿತ್ತು, ರಿಪೇರಿಯವನು ನಾಳೆ ನಾಳೆ ಎನ್ನುತ್ತಿದ್ದ. ಅಡುಗೆಮನೆ ತುಂಬ ಆ ಹಬೆ. ರೇಣುಕಾ ಕೈಯಲ್ಲಿದ್ದ ಚಾಕು ಬಿಟ್ಟು ಹಿಂಬಾಗಿಲಿನ ಕಡೆ ನಡೆದಳು. ನಾನು ಹಿಂದೆ ಹೋದೆ. ಗ್ಯಾಸ್ ಸಿಲಿಂಡರುಗಳ ಪಕ್ಕ ಮೊಣಕಾಲು ಹಿಡಿದು ಕುಳಿತಿದ್ದಳು. ಎದೆಯಿಂದ ಸೀಟಿಯ ಸದ್ದು ಬರುತ್ತಿತ್ತು. ತುಟಿ ನೇರಳೆ ಬಣ್ಣ.

ಮರುದಿನ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಏನು ಕೆಲಸ ಎಂದು ಮೊದಲು ಕೇಳಿದರು. ಹೇಳಿದೆವು. "ಈ ಹಬೆ, ಈ ನೀರಿನ ತುಂತುರು, ಇದೇ ನಿಮಗೆ ಆಗದಿರುವುದು. ಕೆಲಸ ಬಿಡಿ. ಬಿಡದಿದ್ದರೆ ಪ್ರತಿ ಸಲ ಇದಕ್ಕಿಂತ ಜೋರಾಗಿ ಬರುತ್ತದೆ" ಎಂದು ತೆಲುಗಿನಲ್ಲಿ ಹೇಳಿ, ಬಾಯಿಗೆ ಹಿಡಿದು ಒತ್ತುವ ಪಂಪು ಬರೆದುಕೊಟ್ಟರು.

ಹೊರಗೆ ಬಂದು ಬೇವಿನ ಮರದ ಬುಡದಲ್ಲಿ ನಿಂತೆವು.

"ಆಯಿ, ಯಾರಿಗೂ ಹೇಳಬ್ಯಾಡ."

"ಡಾಕ್ಟ್ರು ಬಿಡು ಅಂದ್ರಲ್ಲ."

"ಬಿಡ್ತೀನಿ. ಹೋಗಿ ಬಂದ ಮ್ಯಾಲ ಬಿಡ್ತೀನಿ. ಅಲ್ಲಿ ತಣ್ಣಗ ಇರ್ತದಂತ, ಹಬಿ ಇರೂದಿಲ್ಲ. ನನ್ನ ಮಗಳ ಆಣಿ ಐತಿ ನಿಂಗ."

"ಆಣಿಗೀಣಿ ಹಾಕಬ್ಯಾಡ ನಂಗ."

"ಮತ್ತ ಹೇಳ್ತಿಯೇನು?"

ನಾನು ಬಸ್ ಸ್ಟಾಪಿನ ಕಡೆ ನಡೆದೆ. ಅದನ್ನು ಅವಳು ಹೂಂ ಎಂದು ತೆಗೆದುಕೊಂಡಳು. ನಾನು ಹೂಂ ಅಂದಿರಲಿಲ್ಲ.

ಆಮೇಲೆ ಅವಳು ಪಂಪನ್ನು ಕುಪ್ಪಸದಲ್ಲಿ ಇಟ್ಟುಕೊಂಡು ಕೆಲಸ ಮಾಡಿದಳು. ಯಾರೂ ನೋಡದಾಗ ಕೋಣೆಯ ಮೂಲೆಗೆ ತಿರುಗಿ ಒತ್ತಿಕೊಳ್ಳುವಳು. ಮೊದಲು ದಿನಕ್ಕೆ ಒಂದು ಸಲ, ಆಮೇಲೆ ಪ್ರತಿ ಡಬ್ಬಿಗೆ ಒಂದು ಸಲ. ಹೊರಡುವ ದಿನ ಹತ್ತಿರ ಬಂತೆಂದು ಮಾರ್ಟಿನ್ ಅವಳಿಗೆ ಆಂಚೋವಿಯ ಕೆಲಸ ಹೆಚ್ಚಿಸಿದ. ತಣ್ಣಗಿನ ಕೋಣೆಯ ಬಾಗಿಲು ಮುಚ್ಚಿ ಕೆಲಸ. ಒಂದು ಮಧ್ಯಾಹ್ನ ಉಪ್ಪು ಕೇಳಲು ಬಾಗಿಲು ತೆಗೆದೆ. ಮೇಜಿನ ಮೇಲೆ ಒಂದು ಕೈ ಊರಿ ಬಗ್ಗಿದ್ದಳು. ಪಂಪು ಒತ್ತುತ್ತಿದ್ದಳು, ಅದರಲ್ಲಿ ಏನೂ ಉಳಿದಿರಲಿಲ್ಲ. ಖಾಲಿ ಪಂಪು ಟಿಕ್ ಟಿಕ್ ಎನ್ನುತ್ತಿತ್ತು. ಆ ಹೊತ್ತಿಗೂ ಅವಳ ಕಣ್ಣು ಕೆಲಸ ಮುಗಿಸಿಟ್ಟ ಮೀನಿನ ಸಾಲಿನ ಮೇಲಿತ್ತು, ಕೆಡದಂತೆ.

ಅವಳನ್ನು ಹೊರಗೆ ಕೂರಿಸಿ, ಹೊಸ ಪಂಪು ತರಿಸಿ, ಉಬ್ಬಸ ಇಳಿದ ಮೇಲೆ ನಾನು ನಿತಿನ್ ಹತ್ತಿರ ಹೋದೆ.

"ನಿಮ್ಮ ಚೆಫ್‌ಗೆ ಹೇಳಪ. ರೇಣುಕಾಗ ಮೀನಿನಿಂದ ಉಸಿರಿನ ಬ್ಯಾನಿ ಐತಿ. ಅಕಿನ್ನ ಕಳಸಬ್ಯಾಡ್ರಿ."

ನಿತಿನ್ ನನ್ನ ಮುಖ ನೋಡಿದ. "ಅಜ್ಜಿ, ರೇಣುಕಾ ಅವರಿಗೆ ಗೊತ್ತುಂಟಾ ನೀವು ಹೇಳ್ತಿರೋದು?"

"ಇಲ್ಲ."

"ಒಮ್ಮೆ ಯೋಚನೆ ಮಾಡಿ ಮಾರಾಯ್ರೆ. ಹೇಳಿದ ಮೇಲೆ ನನ್ನ ಕೈಯಲ್ಲಿ ಇರುವುದಿಲ್ಲ."

"ಯೋಚನಿ ಮಾಡೇ ಬಂದೀನಿ."

ಅವನು ಹೇಳಿದ. ಅದೇ ಸಂಜೆ ರಾವ್ ಸಾಬ್ ಬಂದರು. ಕೆಟ್ಟ ಮಾತೇನೂ ಆಡಲಿಲ್ಲ. ಎರಡು ತಿಂಗಳ ಸಂಬಳ ಕೈಗೆ ಕೊಟ್ಟು, ನಾಳೆಯಿಂದ ಬರುವುದು ಬೇಡ, ಆರೋಗ್ಯ ನೋಡಿಕೋ ಎಂದರು. ಅಡುಗೆಮನೆಯಲ್ಲಿ ಉಸಿರು ಕಟ್ಟಿ ಏನಾದರೂ ಆದರೆ ಯಾರು ಹೊಣೆ ಎಂದು ನಿತಿನ್‌ಗೆ ಹೇಳಿದ್ದು ನನಗೂ ಕೇಳಿಸಿತು. ರೇಣುಕಾ ಏಪ್ರನ್ ಬಿಚ್ಚಿ ಮಡಚಿ ಮೇಜಿನ ಮೇಲಿಟ್ಟಳು. ನನ್ನ ಹತ್ತಿರ ಬಂದು ನಿಂತಳು.

"ನೀನ?"

"ನಾನ."

ಅಷ್ಟೇ. ಹೊಲಿಸಿದ ಕೋಟು ಲಾಕರಿನಲ್ಲಿತ್ತು, ಅದನ್ನು ತೆಗೆದುಕೊಂಡು ಹೋದಳು.

ಆಮೇಲಿನದು ಇನ್ನೂ ಕೆಟ್ಟದ್ದು. ಪಿಲಾರ್ ಎಲ್ಲ ಸಿದ್ಧ ಮಾಡಿಕೊಂಡಿದ್ದಾಳೆ, ಯಾರನ್ನಾದರೂ ಕಳಿಸಲೇಬೇಕು ಎಂದು ಮಾರ್ಟಿನ್ ಹಟ ಹಿಡಿದ. ಮಸ್ಕತ್‌ನಲ್ಲಿದ್ದ ಮಗಳ ಬಾಣಂತನಕ್ಕೆಂದು ನಾನು ಹಿಂದೆಯೇ ಪಾಸ್‌ಪೋರ್ಟ್ ಮಾಡಿಸಿದ್ದೆ. ಅವಳೇ ಇಲ್ಲಿಗೆ ಬಂದು ಹೆತ್ತದ್ದರಿಂದ ಅದು ಪೆಟ್ಟಿಗೆಯಲ್ಲಿ ಹಾಗೇ ಇತ್ತು. ಅಜ್ಜಿಯೇ ಹೋಗಲಿ ಎಂದರು. ಪಾತ್ರೆ ತೊಳೆಯುವ ಹೆಂಗಸರು ನನಗೆ ಕೇಳುವ ಹಾಗೆ ಮಾತಾಡಿದರು: "ಮುದುಕಿ ಲೆಕ್ಕ ಹಾಕೇ ಬಾಯಿ ಬಿಟ್ಟಾಳ." ನಾನು ಹೋಗುವುದಿಲ್ಲ ಎನ್ನಬೇಕಿತ್ತು ಎಂದು ಈಗಲೂ ಹೇಳುವವರಿದ್ದಾರೆ. ನಾನು ಮನೆಯಲ್ಲಿ ಕುಳಿತಿದ್ದರೆ ರೇಣುಕಾಳಿಗೆ ಏನು ಸಿಗುತ್ತಿತ್ತು? ಹೋದೆ.

ಹೋದ ಊರು ಸಾಂತಾಂದೇರಿನ ಹತ್ತಿರದ ಒಂದು ಬಂದರು. ರಜೆಗೆ ಹೊರಟಿದ್ದ ಮಾರ್ಟಿನ್ ಜೊತೆಯಲ್ಲೇ ಕರೆದೊಯ್ದ. ಬೆಳಿಗ್ಗೆ ಶೆಡ್ಡು. ಹೆಂಗಸರು ಬಿಳಿ ಟೋಪಿ ಹಾಕಿಕೊಂಡು ಉದ್ದ ಮೇಜಿನ ಎರಡೂ ಕಡೆ ಕುಳಿತಿರುತ್ತಿದ್ದರು. ಹಳೆಯ ಬಲೆಯ ಚೂರಿನಿಂದ ಮೀನಿನ ಸಿಪ್ಪೆ ಉಜ್ಜುತ್ತಿದ್ದರು. ನಾನು ಹುಟ್ಟಿದಾಗಿನಿಂದ ಬಲೆ ನೋಡಿದವಳು, ಅದರಿಂದ ಮೀನು ಉಜ್ಜಬಹುದೆಂದು ಗೊತ್ತಿರಲಿಲ್ಲ. ಮಾತು ಬರದಿದ್ದರೂ ಕೈ ನೋಡಿ ಕಲಿತೆ.

ರಜೆಯ ದಿನಗಳಲ್ಲಿ ಪಿಲಾರ್ ಮತ್ತು ಮಾರ್ಟಿನ್ ನನ್ನನ್ನು ಊರೂರಿಗೆ ತಿನ್ನಲು ಕರೆದೊಯ್ದರು. ಕಂಪನಿ ಕೆಲಸಕ್ಕೆ ಆ ಕಡೆ ಹೋಗುವ ಮಕ್ಕಳು ಈಗ ನನ್ನನ್ನು ಎಲ್ಲಿ ತಿನ್ನಬೇಕು ಎಂದು ಕೇಳುತ್ತಾರೆ. ಹೇಳಿಬಿಡುತ್ತೇನೆ. ಹೊರಗೆ ತಿನಿಸಿನ ಫೋಟೋ ತೂಗುಹಾಕಿದ ಅಂಗಡಿಗೆ ಹೋಗಬೇಡಿ. ವಯಸ್ಸಾದ ಹೆಂಗಸರು ನಿಂತು ತಿನ್ನುವ ಕಡೆ ಹೋಗಿ. ನೆಲದಲ್ಲಿ ಕೈ ಒರೆಸಿದ ಕಾಗದ, ಸಿಗಡಿ ಸಿಪ್ಪೆ ಬಿದ್ದಿದ್ದರೆ ಹೊಲಸು ಎಂದು ಮುಖ ತಿರುಗಿಸಬೇಡಿ, ಜನ ಬರುವ ಅಂಗಡಿ ಅದು. ಸೋಮವಾರ ಮೀನು ಬೇಡ, ಭಾನುವಾರ ದೋಣಿ ಕಡಲಿಗೆ ಇಳಿಯುವುದಿಲ್ಲ. ಸಾಂತಾಂದೇರಿನಲ್ಲಿ ಭಾನುವಾರ ಮಧ್ಯಾಹ್ನ ಇಡೀ ಊರು ಬೀದಿಗೆ ಬಂದು ಕರಿದ ಬೊಂಡಾಸು ತಿನ್ನುತ್ತದೆ, ನಿಂಬೆಹಣ್ಣು ಹಿಂಡಿ, ಮಕ್ಕಳು ಮರಿ ಸಮೇತ. ಹಿಹೋನಿನಲ್ಲಿ ಸೇಬಿನ ಶೆರೆಯನ್ನು ತಲೆಯ ಮೇಲೆ ಬಾಟಲಿ ಎತ್ತಿ ಸೊಂಟದ ಹತ್ತಿರದ ಲೋಟಕ್ಕೆ ಸುರಿಯುತ್ತಾರೆ, ಒಂದು ಗುಟುಕು ಕುಡಿದು ತಳದ್ದನ್ನು ನೆಲಕ್ಕೆ ಚೆಲ್ಲುತ್ತಾರೆ. ನಾನು ಕುಡಿಯಲಿಲ್ಲ, ಏಡಿ ತಿಂದೆ. ಸಾನ್ ಸೆಬಾಸ್ಟಿಯನ್ನಿನ ಹಳೆ ಪೇಟೆಯಲ್ಲಿ ಒಂದು ಕಡೆಯೇ ಹೊಟ್ಟೆ ತುಂಬಿಸಬೇಡಿ. ಕಡ್ಡಿಗೆ ಆಂಚೋವಿ, ಉಪ್ಪಿನಲ್ಲಿ ಹಾಕಿದ ಆಲಿವ್ ಕಾಯಿ, ಹುಳಿಯಲ್ಲಿಟ್ಟ ಹಸಿಮೆಣಸಿನಕಾಯಿ ಚುಚ್ಚಿ ಕೊಡುತ್ತಾರೆ. ಅಷ್ಟು ದಿನದಲ್ಲಿ ನನ್ನ ನಾಲಗೆಗೆ ಹತ್ತಿದ್ದು ಅದೊಂದೇ.

ಉಳಿದದ್ದಕ್ಕೂ ರುಚಿ ಇತ್ತು. ಸುಳ್ಳು ಯಾಕೆ ಹೇಳಲಿ. ಆದರೆ ಪ್ರತಿ ತಟ್ಟೆ ಬಂದಾಗಲೂ, ಮುಂದೆ ಎಲ್ಲಿಗೆ, ಅಲ್ಲಿ ಏನು ಎಂದು ರೇಣುಕಾಳ ಬಾಯಿಯಿಂದ ನಾನು ಮೊದಲೇ ಕೇಳಿದ್ದೆ. ಮಾರ್ಟಿನ್ ದಾರಿ ತೋರಿಸುವ ಮೊದಲೇ ನನಗೆ ಗೊತ್ತಿರುತ್ತಿತ್ತು.

ಶೆಡ್ಡಿನ ಕೊನೆಗೆ ಕಿಟಕಿಯ ಪಕ್ಕ ಒಂದು ಸಣ್ಣ ಮೇಜಿತ್ತು. ಅಲ್ಲಿ ಒಬ್ಬ ಹೆಂಗಸು ಬೇರೆಯಾಗಿ ಕುಳಿತು, ಮುಚ್ಚಿದ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದಳು. ಅವಳ ಕೈ ಬೇರೆಯವರಿಗಿಂತ ಚುರುಕು. ಮೀನಿನ ಮೇಜಿಗೆ ಯಾಕೆ ಬರುವುದಿಲ್ಲ ಎಂದು ಪಿಲಾರ್‌ಗೆ ಕೈಸನ್ನೆಯಲ್ಲಿ ಕೇಳಿದೆ. ಪಿಲಾರ್ ತನ್ನ ಎದೆ ಮುಟ್ಟಿಕೊಂಡು, ತುಟಿ ಚೂಪು ಮಾಡಿ ಸೀಟಿಯ ಸದ್ದು ಮಾಡಿ ತೋರಿಸಿದಳು. ಆಮೇಲೆ ಮೀನಿನ ಕಡೆ ಬೆರಳು ಮಾಡಿ ಬೇಡ ಎಂದು ತಲೆ ಆಡಿಸಿದಳು, ಕಿಟಕಿಯ ಕಡೆ ಬೆರಳು ಮಾಡಿ ಹೂಂ ಎಂದಳು.

ಆ ಸಂಜೆ ಮಾರ್ಟಿನ್‌ನನ್ನು ಕೇಳಿದೆ. "ಆ ಹೆಂಗಸಿನ ಸುದ್ದಿ ನಿನಗೆ ಗೊತ್ತಿತ್ತೇನು?"

"ಗೊತ್ತಿತ್ತು. ಇಲ್ಲಿ ಹಾಗೆ ಮಾಡುತ್ತಾರೆ" ಎಂದ ಹಿಂದಿಯಲ್ಲಿ.

"ಮತ್ತೆ ರೇಣುಕಾಳಿಗೆ?"

ಭುಜ ಹಾರಿಸಿದ. "ಮಾಲೀಕರು ಕೇಳಲಿಲ್ಲ."

ನಾನೂ ಕೇಳಿರಲಿಲ್ಲ. ಈ ಕೆಲಸಕ್ಕೆ ಸೇರುವವರು ಇದನ್ನೊಂದು ನೆನಪಿಡಿ. ಜೊತೆಯವಳ ಕಾಯಿಲೆಯ ಸುದ್ದಿ ಹೇಳಲು ಮಾಲೀಕರ ಹತ್ತಿರ ಹೋದರೆ, ಬೇರೆ ಯಾವ ಕೆಲಸ ಕೊಡುತ್ತೀರಿ ಎಂದು ಅದೇ ಉಸಿರಿನಲ್ಲಿ ಕೇಳಿ. ಉತ್ತರ ಬರುವತನಕ ಅಲ್ಲಿಂದ ಕದಲಬೇಡಿ.

ಹಿಂತಿರುಗಿದ ಮೇಲೆ ರಾವ್ ಸಾಬ್ ಎದುರು ನಿಂತು ಕೇಳಿದೆ. ಬಿಲ್ಲಿನ ಮೇಜು, ಫೋನು, ಬಟ್ಟೆ ಮಡಚುವ ಕೋಣೆ, ಯಾವುದಾದರೂ ಕೊಡಿ ಎಂದೆ. "ನೋಡೋಣಮ್ಮಾ" ಎಂದರು. ಅಷ್ಟರಲ್ಲಿ ಕಂಪ್ಯೂಟರ್ ಕಂಪನಿಗಳಲ್ಲಿ ಜನರನ್ನು ಕೆಲಸದಿಂದ ತೆಗೆಯುವ ಕಾಲ ಬಂತು, ಮೇಜುಗಳು ಖಾಲಿಯಾದವು. ಮಾರ್ಟಿನ್ ತನ್ನ ದೇಶಕ್ಕೆ ಹೋದ, ಆಂಚೋವಿ ಡಬ್ಬಿಯಲ್ಲೇ ಬರತೊಡಗಿತು, ಸಿಗಡಿ ಸುಲಿದು ಮಂಜುಗಟ್ಟಿಸಿದ್ದು ಪ್ಯಾಕೆಟ್ಟಿನಲ್ಲಿ ಬಂತು. ನಾನು ಕಲಿತು ಬಂದದ್ದನ್ನು ಮಾಡಿಸುವವರೇ ಇರಲಿಲ್ಲ. ಕೊನೆಗೆ ಅದು ಬರೀ ಬಿರಿಯಾನಿ ಹೋಟೆಲ್ ಆಯಿತು, ನಾನು ಮನೆಗೆ ಬಂದೆ.

ಆದರೆ ರೇಣುಕಾಳ ಮನೆಗೆ ಹೋದದ್ದು ಅದಕ್ಕೂ ಮೊದಲು, ಸ್ಪೇನಿನಿಂದ ಬಂದ ವಾರದಲ್ಲೇ. ಅವಳು ಸೀರೆಗಳಿಗೆ ಫಾಲ್ ಹಚ್ಚುವ ಕೆಲಸ ಹಿಡಿದಿದ್ದಳು. ಊರು ಚೆನ್ನಾಗಿರಲಿಲ್ಲ ಎಂದು ಹೇಳಿಬಿಡಿ ಅಜ್ಜಿ, ಅವರಿಗೂ ಸಮಾಧಾನ ಎಂದು ನಿತಿನ್ ಹೇಳಿಕೊಟ್ಟಿದ್ದ. ಬಾಗಿಲು ತೆರೆದಿತ್ತು. ಒಳಗೆ ಹೋಗಿ ಗೋಡೆಗೆ ಒರಗಿ ಕುಳಿತೆ. ಅವಳು ತಲೆ ಎತ್ತಲಿಲ್ಲ.

ಸೀರೆಯ ಅಂಚು ಹೊಲಿಯುತ್ತಲೇ ಕೇಳಿದಳು. "ಹ್ಯಾಂಗಿತ್ತು?"

"ಭಾಳ ಚಂದ ಐತಿ."

"ಹೇಳ."

ಹೇಳಿದೆ. ಒಂದೊಂದೇ ಅಂಗಡಿ, ಒಂದೊಂದೇ ತಟ್ಟೆ. ನಾನು ಬಿಟ್ಟದ್ದನ್ನು ಅವಳೇ ಕೇಳಿ ಹೇಳಿಸಿಕೊಂಡಳು. ಅಣಬೆ ತಿಂದಿಯಾ, ಏಡಿ ಬಿಸಿ ಇತ್ತೋ ತಣ್ಣಗಿತ್ತೋ. ಕಿಟಕಿ ಪಕ್ಕದ ಹೆಂಗಸಿನದನ್ನೂ ಹೇಳಿದೆ. ಸೂಜಿ ನಿಂತಿತು.

"ಅಕಿನ್ನ ಮನಿಗೆ ಕಳಿಸಲಿಲ್ಲ?"

"ಇಲ್ಲ. ಚೀಟಿ ಅಂಟಸಾಕ ಕುಂದರಿಸ್ಯಾರ."

ಅವಳು ದಾರ ಕಚ್ಚಿ ಹರಿದಳು. "ಆಯಿ, ನಾ ಹೋಗಿದ್ರ ಸಾಯ್ತಿದ್ದೆನು?"

"ನಂಗೇನ ಗೊತ್ತು."

"ಗೊತ್ತಿಲ್ಲಂದ್ರ ಯಾಕ ಹೇಳಿದಿ?"

"ಗೊತ್ತಿಲ್ಲಂತನ ಹೇಳಿದೆ."

"ಆತು. ಎದ್ದು ಹೋಗಿನ್ನ" ಎಂದಳು. ಎದ್ದು ಬಂದೆ. ಆಮೇಲೆ ಅವಳು ನನ್ನ ಜೊತೆ ಮಾತಾಡಿಲ್ಲ. ಮಗಳ ಮದುವೆಗೆ ಕರೆಯಲಿಲ್ಲ. ನಾನು ಅವಳನ್ನು ತಪ್ಪು ಎನ್ನುವುದಿಲ್ಲ. ಅದೇ ಬಾಗಿಲು ಮತ್ತೆ ತೆಗೆದು ಅದೇ ಪಂಪಿನ ಸದ್ದು ಕೇಳಿದರೆ ನಾನು ಮತ್ತೆ ಹೋಗಿ ಹೇಳುತ್ತೇನೆ.

ಈಗ ಅವಳೂ ಮಲ್ಕಾಜ್‌ಗಿರಿಯಲ್ಲೇ ಇದ್ದಾಳೆ. ಕೆಲವು ಬೆಳಿಗ್ಗೆ ಸ್ಟೇಷನ್ನಿನಲ್ಲಿ ಕಾಣುತ್ತಾಳೆ, ಎರಡೂ ಕೈಯಲ್ಲಿ ಸೀರೆಗಳ ಗಂಟು. ನಾನು ಕೆಳಗೆ ಬೆಂಚಿನ ಮೇಲೆ ಕುಳಿತಿರುತ್ತೇನೆ. ಅವಳಿಗೂ ನಾನು ಕಾಣುತ್ತೇನೆ. ಗಂಟು ಹೊತ್ತು ಮೇಲ್ಸೇತುವೆಯ ಮೆಟ್ಟಿಲು ಹತ್ತುತ್ತಾಳೆ, ಉಸಿರಿಗೆಂದು ನಡುವೆ ಎಲ್ಲೂ ನಿಲ್ಲದೆ. ಮೇಲೆ ಹೋಗಿ ಮುಟ್ಟಿದ ಮೇಲೆ ಬಲಕ್ಕೆ ತಿರುಗಿ, ಜನರ ನಡುವೆ ಸೇರಿ ಹೋಗುತ್ತಾಳೆ.